ಚಿಲ್ಲರೆ ವಿಚಾರ

ಪ್ರಯಾಣ ಮಾಡಬೇಕಾದರೆ ಹಣ ಬೇಕು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ಹಣವನ್ನು ಕೊಡುವುದಕ್ಕೂ ಒಂದು ವಿದ್ಯೆ ಬೇಕು ಎಂಬುದು ಮಾತ್ರ 2025ರ ಸೆಪ್ಟೆಂಬರ್ ತಿಂಗಳವರೆಗೆ ನನಗೆ ತಿಳಿದಿರಲಿಲ್ಲ. ನಾನು ಮೂರು ವರ್ಷದಿಂದ ಅರ್ಥಶಾಸ್ತ್ರ ಓದುತ್ತಿರುವವನು. ಹಣದ ಚಲಾವಣೆಯ ವೇಗವನ್ನು ಕುರಿತು ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಏಳು ಅಂಕವನ್ನೂ ಪಡೆದಿದ್ದೇನೆ. ಆದರೆ ಹಣವು ಎಷ್ಟು ವೇಗವಾಗಿ ಚಲಿಸಬಲ್ಲದು ಎಂಬುದನ್ನು ಕಣ್ಣಾರೆ ಕಂಡದ್ದು ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ. ನಮ್ಮ ಹಣವು ನಮ್ಮನ್ನು ಕೆಳಗಿಳಿಸಿ ತಾನು ಮಾತ್ರ ಬಸ್ಸಿನಲ್ಲಿ ಮುಂದಕ್ಕೆ ಹೊರಟುಹೋದಾಗ.

ನಮ್ಮ ಕಡೆ ಟಿಕೆಟ್ಟಿನ ಹಣ ಕೊಡುವುದು ಒಂದು ಕೆಲಸವೆಂದು ಯಾರೂ ಭಾವಿಸುವುದಿಲ್ಲ. ತಿಪಟೂರಿನಿಂದ ನಮ್ಮ ಹಳ್ಳಿಗೆ ದಿನಕ್ಕೆ ನಾಲ್ಕು ಸಲ ಬರುವ ಖಾಸಗಿ ಬಸ್ಸಿನ ಕಂಡಕ್ಟರಿಗೆ ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂಬುದಷ್ಟೇ ಅಲ್ಲ, ಏತಕ್ಕಾಗಿ ಹೋಗುತ್ತಿದ್ದಾರೆ ಎಂಬುದೂ ಗೊತ್ತು. ಚಿಲ್ಲರೆ ಇಲ್ಲವೆಂದರೆ "ಬರ್ತಾ ಕೊಡು ಬಿಡಪ್ಪ" ಎಂದು ಮುಂದಕ್ಕೆ ಹೋಗುತ್ತಾನೆ. ಬರುವಾಗ ನಾವೇ ಮರೆತರೂ ಅವನು ಮರೆಯುವುದಿಲ್ಲ. ಅಪ್ಪ ಒಮ್ಮೆ ಎರಡು ತಿಂಗಳ ಬಾಕಿಯನ್ನು ಒಂದು ಗೊನೆ ಎಳನೀರು ಕೊಟ್ಟು ತೀರಿಸಿದ್ದುಂಟು. ಇಂಥ ವ್ಯವಸ್ಥೆಯಲ್ಲಿ ಬೆಳೆದವನು ಮಹಾನಗರದ ಬಸ್ಸು ಹತ್ತಿದರೆ ಏನಾಗಬೇಕೋ ಅದೇ ನನಗೂ ಆಯಿತು.

ನಾವು ಹೋದದ್ದು ಅವ್ವನ ಕಣ್ಣು ತೋರಿಸುವುದಕ್ಕೆ. ಅವಳ ಎರಡು ಕಣ್ಣಿಗೂ ಮಂಜು ಕವಿದಂತಾಗಿ ಒಂದು ವರ್ಷವಾಗಿತ್ತು. ಮೊದಮೊದಲು ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲವೆಂದಳು; ಆಮೇಲೆ ಕಲ್ಲಿನ ಮಾತನ್ನೇ ಬಿಟ್ಟಳು, ನಾವು ತಿನ್ನುತ್ತ ಕಂಡುಕೊಂಡೆವು. ಅಪ್ಪ ಹಸುವನ್ನು ಬಿಟ್ಟು ಬರುವಂತಿರಲಿಲ್ಲ. "ನೀನು ಓದಿದವನು, ನೀನೇ ಕರಕೊಂಡು ಹೋಗು" ಎಂದು 500 ರೂಪಾಯಿಯ ನಾಲ್ಕು ನೋಟುಗಳನ್ನು ಎಣಿಸಿ ಕೊಟ್ಟರು. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತೇನೋ ನಿಜ. ಆದರೆ ಬೆಲೆ ಬಂದಾಗ ನಮ್ಮ 22 ಮರಗಳು ರೋಗ ಬಡಿದು ಅರ್ಧಕ್ಕರ್ಧ ಕಾಯಿಯನ್ನೇ ಬಿಟ್ಟಿರಲಿಲ್ಲ. ಆ ನಾಲ್ಕು ನೋಟುಗಳ ಬೆಲೆ ನನಗೆ ಗೊತ್ತಿತ್ತು.

ತಿಪಟೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಬಂದೆವು. ಅವ್ವನಿಗೆ ಟಿಕೆಟ್ಟು ಸೊನ್ನೆ, ನನಗೆ ಪೂರ್ತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹಣ ಕೊಡಬೇಕಾಗಿಲ್ಲ. ಆಧಾರ್ ಕಾರ್ಡನ್ನು ತೋರಿಸಿದರೆ ಸಾಕು. ಹಾಗೆಂದು ಕಂಡಕ್ಟರು ಅವರನ್ನು ಸುಮ್ಮನೆ ಬಿಡುವುದೂ ಇಲ್ಲ. ಯಂತ್ರದಿಂದ ಟಿಕೆಟ್ಟು ತೆಗೆದು ಕೊಡುತ್ತಾನೆ, ಬೆಲೆಯ ಜಾಗದಲ್ಲಿ ಸೊನ್ನೆ ಇರುತ್ತದೆ. ಆ ಸೊನ್ನೆಗಳನ್ನೆಲ್ಲ ಕೂಡಿಸಿ ಸರ್ಕಾರವು ಸಾರಿಗೆ ಸಂಸ್ಥೆಗಳಿಗೆ ಹಣ ತುಂಬಿಕೊಡುತ್ತದೆ. ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆಯೇ ಎಂದು ನಮಗೆ ಕಲಿಸಿದ ಗಣಿತದ ಮೇಷ್ಟರು ಈ ಲೆಕ್ಕವನ್ನು ನೋಡಬೇಕಾಗಿತ್ತು.

ಅವ್ವ ಆ ಟಿಕೆಟ್ಟನ್ನು ಎರಡು ಮಡಿಕೆ ಮಾಡಿ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

"ಅದನ್ಯಾಕವ್ವ ಗಂಟು ಹಾಕ್ತೀಯ? ದುಡ್ಡೇ ಕೊಟ್ಟಿಲ್ಲ" ಎಂದೆ.

"ದುಡ್ಡು ಕೊಡದಿದ್ರೆ ಏನಾಯ್ತು ಮಗಾ, ಅವನು ಕೊಟ್ಟಿದ್ದು ಚೀಟಿ ಅಲ್ವಾ" ಎಂದಳು.

ನಾನು ನಕ್ಕು ಸುಮ್ಮನಾದೆ. ಆ ನಗುವಿನ ಲೆಕ್ಕ ಮುಂದೆ ಬರುತ್ತದೆ.

ಆ ರಾತ್ರಿ ಮತ್ತಿಕೆರೆಯಲ್ಲಿರುವ ಸೋದರಮಾವನ ಮನೆಯಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಹೇಗೆ ಹೋಗುವುದೆಂಬ ವಿಷಯದಲ್ಲಿ ಮಾವನ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಂಟನೆಯ ತರಗತಿಯಲ್ಲಿ ಓದುವ ಮಾವನ ಮಗಳು ಮೆಟ್ರೋ ಪಕ್ಷ. "ಭಾವ, ಯಶವಂತಪುರದಲ್ಲಿ ಹತ್ತಿದ್ರೆ ಸೀದಾ ಮಾರ್ಕೆಟ್ಟಲ್ಲೇ ಇಳೀಬಹುದು. ಹಸಿರು ಲೈನು. ವಾಟ್ಸಾಪಲ್ಲೇ ಟಿಕೆಟ್ ತಗೋಬಹುದು" ಎಂದಳು. ಈ ವಾಟ್ಸಾಪಿನ ಏರ್ಪಾಡು 2022ರ ನವೆಂಬರಿನಿಂದ ಇದೆಯಂತೆ. ಹಣವನ್ನೂ ಫೋನಿನಲ್ಲೇ ಕಟ್ಟಿ, ಬಂದ ಚಿತ್ರವನ್ನು ಬಾಗಿಲಿಗೆ ತೋರಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಅಲಿಬಾಬನ ಕತೆಯಲ್ಲಿ ಬಾಯಲ್ಲಿ ಹೇಳಿದರೆ ಸಾಕಿತ್ತು. ನನ್ನ ಫೋನಿಗೆ ಜೋಡಿಸಿದ ಬ್ಯಾಂಕಿನ ಖಾತೆಯಲ್ಲಿ ಆ ದಿನ ಇದ್ದದ್ದು 11 ರೂಪಾಯಿ. ಅದನ್ನು ಆ ಹುಡುಗಿಯ ಮುಂದೆ ಹೇಳಿಕೊಳ್ಳಲಾರದೆ "ನೋಡೋಣ" ಎಂದೆ.

ಅಷ್ಟರಲ್ಲಿ ಅವ್ವ ಕೇಳಿದಳು: "ಅದರಲ್ಲಿ ಹೆಂಗಸ್ರಿಗೆ ದುಡ್ಡಿಲ್ವಾ?"

ಇದೆ ಎಂದರು ಮಾವ. ಮೆಟ್ರೋದಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ಗಾಡಿ ಓಡಿದಾಗಿನಿಂದಲೂ ಎಲ್ಲರಿಗೂ ಒಂದೇ ದರ. 2025ರ ಫೆಬ್ರವರಿಯಲ್ಲಿ ದರ ಏರಿ, ಅತಿ ಕಡಿಮೆಯೆಂದರೆ 10 ರೂಪಾಯಿ, ಅತಿ ಹೆಚ್ಚೆಂದರೆ 90 ಎಂದಾಗಿತ್ತು. ದಿನವೂ ಓಡಾಡುವವರು ಕಾರ್ಡು ಇಟ್ಟುಕೊಂಡರೆ ನೂರಕ್ಕೆ 5ರಂತೆ ಮುರಿದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಬರುವವನು ಪೂರ್ತಿ ಕೊಡುತ್ತಾನೆ. ಇದು ವ್ಯಾಪಾರದ ನ್ಯಾಯ, ಇರಲಿ. ನಮ್ಮ ಊರಿನ ಅಂಗಡಿಯವನೂ ವಾಡಿಕೆಯ ಗಿರಾಕಿಗೆ ಒಂದು ಹಿಡಿ ಕಡಲೆ ಜಾಸ್ತಿ ಹಾಕುತ್ತಾನೆ.

ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು. ಬಸ್ಸಾದರೆ ಅವಳದು ಸೊನ್ನೆ, ನನ್ನೊಬ್ಬನದೇ ಖರ್ಚು. ಬಸ್ಸೇ ಎಂದು ತೀರ್ಮಾನವಾಯಿತು. ಮಾವ ದಾರಿ ಹೇಳಿಕೊಟ್ಟರು: ಯಶವಂತಪುರದಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ಎಚ್ಚರಿಕೆಗಳನ್ನೂ ಹೇಳಿದರು. ಜೇಬುಗಳ್ಳರಿದ್ದಾರೆ, ನೋಟನ್ನು ಒಳಜೇಬಿನಲ್ಲಿಡು. ಹವಾನಿಯಂತ್ರಿತ ವಜ್ರ ಬಸ್ಸು ಬಂದರೆ ಹತ್ತಬೇಡ, ಅದರಲ್ಲಿ ನಿಮ್ಮವ್ವನ ಸೊನ್ನೆ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೋ ಎಂಬ ಒಂದು ಮಾತನ್ನು ಮಾತ್ರ ಅವರು ಹೇಳಲಿಲ್ಲ. ಮನೆಯ ಹೊಸ್ತಿಲು ಎಲ್ಲಿದೆಯೆಂದು ಮನೆಯವರು ಯಾರಿಗಾದರೂ ಹೇಳಿಕೊಡುತ್ತಾರೆಯೇ? ಎಡವುವವರು ನೆಂಟರು.

ಬೆಳಿಗ್ಗೆ ಎಂಟೂವರೆಯ ಬಸ್ಸು. ಅವ್ವನಿಗೆ ಮುಂದುಗಡೆ ಹೆಂಗಸರ ಕಡೆ ಜಾಗ ಸಿಕ್ಕಿತು. ನಾನು ನಡುಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ಕಂಡಕ್ಟರು ಐವತ್ತರ ಹತ್ತಿರದವರು, ಮಾತಿನಿಂದ ಉತ್ತರ ಕರ್ನಾಟಕದವರೆಂದು ತಿಳಿಯುತ್ತಿತ್ತು. ಅವ್ವನ ಕಾರ್ಡನ್ನು ನೋಡಿ ಸೊನ್ನೆ ಟಿಕೆಟ್ಟು ಹರಿದುಕೊಟ್ಟು, ಹಿಂದೆಯೇ ನನ್ನ ಕಡೆ ಕೈ ಚಾಚಿದರು. ನನ್ನದು 18 ರೂಪಾಯಿ. ನಾನು ಒಳಜೇಬಿನಿಂದ ಬಹು ಗೋಪ್ಯವಾಗಿ 500ರ ನೋಟನ್ನು ತೆಗೆದು ಕೊಟ್ಟೆ.

ಅವರು ನೋಟನ್ನು ನೋಡಿದರು, ನನ್ನನ್ನು ನೋಡಿದರು.

"ಬೆಳಿಗ್ಗಿ ಬೆಳಿಗ್ಗಿ ಎಲ್ಲಾರೂ ಐನೂರು ಕೊಟ್ರ ನಾನೇನು ಬ್ಯಾಂಕ್ ಇಟ್ಟೀನೇನ್ರಿ? ಫೋನಿನಾಗ ಹಾಕ್ರಿ" ಎಂದು ಕೊರಳಿಗೆ ತೂಗುಹಾಕಿಕೊಂಡಿದ್ದ ಕಪ್ಪುಬಿಳುಪು ಚೌಕದ ಚೀಟಿಯನ್ನು ತೋರಿಸಿದರು. ನಾನು ತಲೆಯಲ್ಲಾಡಿಸಿದೆ. ಹಿಂದಿನಿಂದ ಒಬ್ಬರು, ಪಕ್ಕದಿಂದ ಒಬ್ಬರು ಫೋನನ್ನು ಚಾಚಿ ಟಣ್ ಎನ್ನಿಸಿ ಟಿಕೆಟ್ಟು ಪಡೆದರು. ಹನ್ನೊಂದು ರೂಪಾಯಿಯ ಯಜಮಾನನಾದ ನಾನು ಕಂಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಕಂಡಕ್ಟರರ ಕಷ್ಟವೂ ಸುಳ್ಳಲ್ಲ. 2025ರ ಜನವರಿ 5ರಿಂದ ಬಸ್ಸಿನ ದರ ಶೇಕಡಾ 15ರಷ್ಟು ಏರಿತ್ತು. ಮೊದಲು 5, 10, 15 ಎಂದು ಸಲೀಸಾಗಿದ್ದ ದರಗಳು 6, 12, 18 ಆದವು. ಹಿಂದೆ ಒಂದು ಹತ್ತರ ನೋಟಿಗೆ ಮುಗಿಯುತ್ತಿದ್ದ ವ್ಯವಹಾರಕ್ಕೆ ಈಗ ಎರಡು ರೂಪಾಯಿ, ನಾಲ್ಕು ರೂಪಾಯಿಗಳ ನಾಣ್ಯ ಹುಡುಕಬೇಕು. ಕೊನೆಗೆ ಅವರು ನನ್ನ ಟಿಕೆಟ್ಟನ್ನು ತಿರುಗಿಸಿ ಅದರ ಬೆನ್ನಿನ ಮೇಲೆ 482 ಎಂದು ಬರೆದು, ಸುತ್ತ ಒಂದು ಸೊನ್ನೆ ಸುತ್ತಿ, "ಇಳಿಯೂ ಮುಂದ ಇಸ್ಕೊಳ್ರಿ" ಎಂದು ಮುಂದಕ್ಕೆ ಹೋದರು.

ಬೆಂಗಳೂರಿನವರಿಗೆ ಇದು ನಿತ್ಯದ ವ್ಯವಹಾರ. ಟಿಕೆಟ್ಟಿನ ಬೆನ್ನಿನ ಮೇಲಿನ ಅಂಕಿಯೆಂದರೆ ಒಂದು ಸಣ್ಣ ಹುಂಡಿ. ನಿಲ್ದಾಣಕ್ಕೆ ಎರಡು ಸ್ಟೇಜು ಮುಂಚೆಯೇ ಎದ್ದು ಹೋಗಿ ಅದನ್ನು ನಗದು ಮಾಡಿಕೊಳ್ಳುತ್ತಾರೆ. ನಾನೋ, ಮಲ್ಲೇಶ್ವರ ಬಂತೇ, ಮೆಜೆಸ್ಟಿಕ್ ಬಂತೇ, ಅವ್ವ ಕುಳಿತಿದ್ದಾಳೆಯೇ ಎಂದು ನೋಡುವುದರಲ್ಲೇ ಇದ್ದೆ. ಮೆಜೆಸ್ಟಿಕ್ ಬಂದದ್ದೇ ತಡ, ಬಸ್ಸಿನ ಒಳಗಿದ್ದ ಜನವೆಲ್ಲ ಚೀಲದ ಬಾಯಿ ಬಿಚ್ಚಿದ ರಾಗಿಯ ಹಾಗೆ ಕೆಳಕ್ಕೆ ಸುರಿಯಿತು. ನಾನು ಜನರನ್ನು ಸೀಳಿಕೊಂಡು ಮುಂಬಾಗಿಲಿಗೆ ಓಡಿ, ಅವ್ವನ ಕೈ ಹಿಡಿದು, ಮೆಟ್ಟಿಲು ಎಣಿಸಿ ಇಳಿಸಿದೆ. ಮಗನಾಗಿ ನನ್ನ ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದೆನೆಂಬ ತೃಪ್ತಿಯಿಂದ, ಪೌರನಾಗಿಯೂ ಒಂದು ಕರ್ತವ್ಯ ಮಾಡೋಣವೆಂದು ಕೈಯಲ್ಲಿದ್ದ ಟಿಕೆಟ್ಟನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದೆ. ನೆಲದ ಮೇಲೆ ಎಸೆದಿದ್ದರೂ ಸಿಗುತ್ತಿತ್ತೇನೋ.

"ಒಂದು ಲೋಟ ಟೀ ಕುಡಿಯಾನ ಕಣಪ್ಪ" ಎಂದಳು ಅವ್ವ. ನಾನು ಜೇಬಿಗೆ ಕೈಹಾಕಿದೆ.

ಆ ಕ್ಷಣದ ವರ್ಣನೆಯನ್ನು ನಾನು ಮಾಡಲಾರೆ. ಹಿಂತಿರುಗಿ ನೋಡಿದರೆ ನಾವು ಇಳಿದ ಜಾಗದಲ್ಲಿ ಬೇರೊಂದು ಬಸ್ಸು ನಿಂತಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಇದ್ದವು. ನಾನು ಬುಟ್ಟಿಯ ಬಳಿಗೆ ಓಡಿ ಅದರೊಳಗೆ ಕೈಹಾಕಿದೆ. ಕಾಗದದ ಲೋಟಗಳು, ಬಾಳೆಹಣ್ಣಿನ ಸಿಪ್ಪೆ, ಟಿಕೆಟ್ಟುಗಳು. ಕೆಲವು ಟಿಕೆಟ್ಟುಗಳ ಬೆನ್ನ ಮೇಲೂ ಅಂಕಿಗಳಿದ್ದವು. ಒಂದರ ಮೇಲೆ 4, ಒಂದರ ಮೇಲೆ 82. ಅವರೆಲ್ಲ ತಮ್ಮ ಹಣ ಪಡೆದು ಎಸೆದವರೋ, ನನ್ನ ಹಾಗೆ ಎಸೆದು ಹೋದವರೋ ದೇವರೇ ಬಲ್ಲ. 482 ಮಾತ್ರ ಸಿಗಲಿಲ್ಲ. ಶುಭ್ರವಾದ ಅಂಗಿ ತೊಟ್ಟ ಯುವಕನೊಬ್ಬ ಕಸದ ಬುಟ್ಟಿಯನ್ನು ತಡಕುತ್ತಿರುವುದನ್ನು ಮೆಜೆಸ್ಟಿಕ್ಕಿನಲ್ಲಿ ಯಾರೂ ನಿಂತು ನೋಡಲಿಲ್ಲವೆಂಬುದನ್ನು ಆ ನಗರದ ಒಂದು ಸದ್ಗುಣವೆಂದು ನಾನು ಇಲ್ಲಿ ದಾಖಲೆ ಮಾಡಬಯಸುತ್ತೇನೆ.

ಅವ್ವನಿಗೆ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಚೀಟಿ ಐತಲ್ಲ, ಅದು ಆಗಾಕಿಲ್ವಾ?" ಎಂದಳು.

"ನಿಂದು ಸೊನ್ನೆ ಟಿಕೆಟ್ಟು ಕಣವ್ವ. ಅದನ್ನ ಇಟ್ಕೊಂಡು ಯಾರು ಏನು ಮಾಡ್ತಾರೆ? ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದೆ. ಸ್ವರ ಏರಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವ್ವ ಸೆರಗನ್ನು ಹೊದ್ದುಕೊಂಡು ಸುಮ್ಮನಾದಳು. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. "ನಿಂಗೆ ಗೊತ್ತಾಗಲ್ಲ" ಎಂಬ ಮಾತನ್ನು ಮನೆಯಲ್ಲಿ ಯಾವಾಗ ಕಲಿತೆನೋ ನನಗೆ ನೆನಪಿಲ್ಲ. ಯಾರೂ ಕಲಿಸಿದ್ದಂತೂ ಅಲ್ಲ.

ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಕುಳಿತುಕೊಳ್ಳುವ ಒಂದು ಸಣ್ಣ ಗೂಡು ಇತ್ತು. ಅಲ್ಲಿ ಹೋಗಿ ನಿಂತೆ.

"ಟಿಕೆಟ್ ಎಲ್ಲಿ?"

"ಬಿಸಾಕಿದೆ ಸಾರ್."

"ಬಸ್ ನಂಬರು?"

"ನೋಡಲಿಲ್ಲ ಸಾರ್."

"ರೂಟ್ ನಂಬರಾದ್ರೂ?"

ಯಶವಂತಪುರದಿಂದ ಬಂತು ಎಂದೆ. ಮೌಖಿಕ ಪರೀಕ್ಷೆಯಲ್ಲಿ ಏನೂ ಬಾರದ ವಿದ್ಯಾರ್ಥಿಯನ್ನು ಪರೀಕ್ಷಕರು ನೋಡುವಂತೆ ಅವರು ನನ್ನನ್ನು ನೋಡಿದರು. ಯಶವಂತಪುರದಿಂದ ಆ ಹೊತ್ತಿನಲ್ಲಿ ಎಷ್ಟು ಬಸ್ಸು ಬರುತ್ತವೆ ಎಂಬುದನ್ನು ನನಗೆ ತಿಳಿಸಿಕೊಡುವುದಕ್ಕಾಗಿ ಕೈಯನ್ನು ನಿಲ್ದಾಣದ ಉದ್ದಕ್ಕೂ ಬೀಸಿದರು. ಆಗ ನನ್ನ ಹಿಂದಿನಿಂದ ಒಂದು ಕೈ ಬಂತು. ಅದರಲ್ಲಿ, ಗಂಟಿನ ಮಡಿಕೆ ಇನ್ನೂ ಬಿಟ್ಟಿರದ ಸೊನ್ನೆ ಟಿಕೆಟ್ಟು.

ನಿಯಂತ್ರಕರು ಅದನ್ನು ಬಿಡಿಸಿ ಓದಿದರು. ಅವರ ಮುಖ ಬದಲಾಯಿತು. "ಇದೇ ಬಸ್ಸಾ?"

"ಅದೇಯಪ್ಪ. ನನಗೆ ಕೊಟ್ಟು ಇವನಿಗೆ ಕೊಟ್ರು" ಎಂದಳು ಅವ್ವ.

ಅದರಲ್ಲಿ ಎಲ್ಲವೂ ಇತ್ತು. ಬಸ್ಸು ಯಾವುದು, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ. ಬೆಲೆಯ ಜಾಗದಲ್ಲಿ ಮಾತ್ರ ಸೊನ್ನೆ. ಅವರು ಒಂದು ಪಟ್ಟಿಯನ್ನು ತಿರುವಿ, ಫೋನಿನಲ್ಲಿ ಯಾರೊಡನೆಯೋ ಮಾತನಾಡಿ, "ಆ ಗಾಡಿ ಈಗ ಆ ತುದಿಗೆ ಹೋಗಿದೆ. ಮಧ್ಯಾಹ್ನ ಎರಡರ ಸುಮಾರಿಗೆ ಮತ್ತೆ ಇಲ್ಲಿಗೆ ಬರತ್ತೆ. ಆಸ್ಪತ್ರೆಗೆ ಹೋಗಿಬನ್ನಿ. ಅಮ್ಮಾ, ಈ ಟಿಕೆಟ್ ಭದ್ರವಾಗಿಟ್ಕೊಳಿ" ಎಂದು ಅವ್ವನ ಕೈಗೇ ಕೊಟ್ಟರು, ನನ್ನ ಕೈಗಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹೊರಗಿನಿಂದ ಬಂದವರು ದಿನದ ಪಾಸ್ ತಗೊಳ್ರಪ್ಪ. ಎಂಬತ್ತು ರೂಪಾಯಿ, ಸಾಮಾನ್ಯ ಬಸ್ಸಲ್ಲಿ ದಿನವೆಲ್ಲಾ ಓಡಾಡಬಹುದು, ಕಂಡಕ್ಟರ್ ಹತ್ರಾನೇ ಸಿಗತ್ತೆ" ಎಂದರು. ನಮ್ಮದು ನಾಲ್ಕು ಸಣ್ಣ ಪ್ರಯಾಣ; ಲೆಕ್ಕ ಹಾಕಿದರೆ ಪಾಸು ನಷ್ಟವೇ. ಆದರೆ ಆ ಹೊತ್ತಿನಲ್ಲಿ ಲೆಕ್ಕದ ಮಾತನ್ನು ಎತ್ತುವ ಮುಖ ನನಗಿರಲಿಲ್ಲ.

ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗಲು ಧೈರ್ಯ ಸಾಲಲಿಲ್ಲ. ಜೇಬಿನಲ್ಲಿ ಉಳಿದಿದ್ದವೂ ಐನೂರರ ನೋಟುಗಳೇ. "ನೀನು ಬಸ್ಸಲ್ಲಿ ಹೋಗವ್ವ, ನಿಂಗೆ ದುಡ್ಡಿಲ್ಲ, ನಾನು ನಡ್ಕೊಂಡು ಬರ್ತೀನಿ" ಎಂದು ತಮಾಷೆ ಮಾಡಲು ನೋಡಿದೆ. ಅವ್ವ ನಗಲಿಲ್ಲ, ನನ್ನ ಕೈಯನ್ನು ಹಿಡಿದುಕೊಂಡಳು. ಕಾಟನ್‌ಪೇಟೆಯ ರಸ್ತೆ ಹಿಡಿದು ನಡೆದೆವು. ದಾರಿಯುದ್ದಕ್ಕೂ ಕಲ್ಲು ಬಂತು, ಗುಂಡಿ ಬಂತು, ಕೈಗಾಡಿ ಬಂತು ಎಂದು ನಾನು ಹೇಳುತ್ತಿದ್ದೆ, ಅವಳು ಹ್ಞೂಂ ಎನ್ನುತ್ತಿದ್ದಳು. ಬೇರೆ ಮಾತಿಲ್ಲ.

ಆಸ್ಪತ್ರೆಯ ವಿಷಯ ಹೆಚ್ಚಿಗೆ ಹೇಳಬೇಕಾದ್ದಿಲ್ಲ. ಎರಡು ಕಣ್ಣಿಗೂ ಪೊರೆ, ಬಲಗಣ್ಣಿಗೆ ಮೊದಲು ಶಸ್ತ್ರಚಿಕಿತ್ಸೆ, ಮುಂದಿನ ತಿಂಗಳು ಬನ್ನಿ ಎಂದು ದಿನ ಕೊಟ್ಟರು. ಅವ್ವ ಚೀಲದಲ್ಲಿ ಡಾಕ್ಟರಿಗೆಂದು ಎರಡು ಗಿಟುಕು ಕೊಬ್ಬರಿ ತಂದಿದ್ದಳು. ಆ ಹುಡುಗಿ ಡಾಕ್ಟರು ನಕ್ಕು, "ಬೇಡಮ್ಮ, ನಾವು ತಗೋಬಾರದು" ಎಂದು ಅವಳ ಕೈಯನ್ನು ಒತ್ತಿ ಹಿಂದಕ್ಕೆ ಕಳಿಸಿದರು.

ಎರಡು ಗಂಟೆಗೆ ನಾವು ಮೆಜೆಸ್ಟಿಕ್ಕಿನ ಗೂಡಿನ ಮುಂದೆ ಇದ್ದೆವು. ಎರಡೂ ಕಾಲಾಯಿತು, ಎರಡೂವರೆಯಾಯಿತು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. 482 ರೂಪಾಯಿಯನ್ನು ನಾನು ಮನಸ್ಸಿನಲ್ಲೇ ಹಲವು ಸಲ ಖರ್ಚು ಮಾಡಿದೆ: ಕಣ್ಣಿನ ಹನಿ ಔಷಧ, ಹಿಂತಿರುಗುವ ನನ್ನ ಟಿಕೆಟ್ಟು, ಹಸುವಿನ ಹಿಂಡಿ. ಕಂಡಕ್ಟರು ಕೊಟ್ಟಿಲ್ಲವೆಂದರೆ ಏನು ಮಾಡುವುದು? ಸಾಕ್ಷಿಯೇನಿದೆ? ಅಂಕಿ ಬರೆದ ಚೀಟಿಯನ್ನು ನಾನೇ ಕಸಕ್ಕೆ ಹಾಕಿದ್ದೆ. ನೋಟು ಕೊಟ್ಟದ್ದಕ್ಕೆ ನನ್ನ ಮಾತಿನ ಹೊರತು ಬೇರೆ ಆಧಾರವಿರಲಿಲ್ಲ. ಮತ್ತು ನನ್ನ ಮಾತಿನ ಬೆಲೆ ಆ ಬೆಳಿಗ್ಗೆ ನನ್ನ ಕಣ್ಣಿಗೇ ಇಳಿದುಹೋಗಿತ್ತು.

ಮೂರಕ್ಕೆ ಹತ್ತು ನಿಮಿಷವಿರುವಾಗ ಅವರು ಬಂದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವರೇ ನನ್ನನ್ನು ಗುರುತಿಸಿದರು.

"ಎಲ್ಲಿ ಹೋಗಿದ್ದೆಪಾ ತಮ್ಮಾ? ಬಾಗಿಲದಾಗ ನಿಂತು ಎಷ್ಟು ಕೂಗೀನಿ! ಹೊಳ್ಳಿ ನೋಡಬಾರದಾ?"

ನಾನು ಕ್ಷಮೆ ಕೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. "ನಿನ್ನ ರೊಕ್ಕ ಹೋತು ಅಂತ ನಿನಗ ಚಿಂತಿ. ನನ್ನ ಚಿಂತಿ ಏನಂತ ಗೊತ್ತೈತೇನು? ಮಿಷನ್ ಲೆಕ್ಕಕಿಂತ ಚೀಲದಾಗ ರೊಕ್ಕ ಕಡಿಮಿ ಇದ್ರ ನನ್ನ ಕಿಸೆದಾಗಿಂದು ಹಾಕ್ಬೇಕು. ಹೆಚ್ಚಿಗಿ ಇದ್ರ ಕಳ್ಳ ಅಂತಾರ. ತಪಾಸಣಿಯವರು ಹತ್ತಿ ಎಣಿಸಿದ್ರ ಈ ನಾಕ್ನೂರಾ ಎಂಬತ್ತೆರಡು ಎಲ್ಲಿಂದ ಬಂತು ಅಂತ ಹೇಳ್ಲಿ? ಆ ಹುಡುಗ ಮರ್ತು ಇಳದ ಅಂದ್ರ ನಂಬ್ತಾರೇನು? ಆ ತುದಿಗೆ ಹೋದ ಕೂಡ್ಲೇ ಅಲ್ಲಿಯವರಿಗೆ ಹೇಳಿ ಬರಸಿಟ್ಟು ಬಂದೀನಿ."

ಇದು ನನಗೆ ಹೊಳೆದೇ ಇರಲಿಲ್ಲ. ಬೆಳಗಿನಿಂದ ನನ್ನ ಹಣ ಅವರ ಚೀಲದಲ್ಲಿದೆಯೆಂದು ನಾನು ತಳಮಳಿಸುತ್ತಿದ್ದೆ. ಅದೇ ಹಣ ತಮ್ಮ ಚೀಲದಲ್ಲಿದೆಯೆಂದು ಅವರೂ ಆರು ಗಂಟೆಗಳ ಕಾಲ ತಳಮಳಿಸಿದ್ದರು. ಅವರು ಬೇರೆಯಾಗಿ ಮಡಿಸಿಟ್ಟಿದ್ದ ನೋಟುಗಳನ್ನು ತೆಗೆದು, ಎರಡು ರೂಪಾಯಿಯ ನಾಣ್ಯದ ಸಮೇತ ನನ್ನ ಕೈಯಲ್ಲಿ ಎಣಿಸಿದರು. ಬಿ.ಎ. ಓದುತ್ತೇನೆಂದು ನಾನು ಹೇಳಲಿಲ್ಲ. ಅವ್ವ ಹೇಳಿದಳು. ಹೇಳಬೇಡವೆಂದು ನಾನು ಸನ್ನೆ ಮಾಡಿದ್ದು ಅವಳಿಗೆ ಕಾಣಿಸುವಂತಿರಲಿಲ್ಲ.

"ಬಿ.ಏ?" ಎಂದು ಅವರು ಒಮ್ಮೆ ನನ್ನನ್ನು ನೋಡಿ, ಅದರ ಮೇಲೆ ಟೀಕೆ ಮಾಡದೆ ಬಿಟ್ಟರು.

ಅವ್ವ ಇಪ್ಪತ್ತು ರೂಪಾಯಿ ಕೊಡು ಎಂದು ನನ್ನನ್ನು ತಿವಿದಳು. ಅವರು ಮುಟ್ಟಲಿಲ್ಲ. ಆಗ ಅವಳು ಚೀಲದಿಂದ ಆ ಎರಡು ಗಿಟುಕು ಕೊಬ್ಬರಿಯನ್ನು ತೆಗೆದಳು. ಅವರು ಒಂದನ್ನು ಮೂಗಿನ ಹತ್ತಿರ ಹಿಡಿದು, "ತಿಪಟೂರು ಕಡೀದೇನವ್ವಾ?" ಎಂದರು. ಹೌದೆಂದಳು. ಎರಡನ್ನೂ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಹೋದರು.

ಹಿಂತಿರುಗುವಾಗ ಮೆಟ್ರೋದಲ್ಲಿ ಹೋಗೋಣವೆಂದವಳು ಅವ್ವನೇ. ನಾನು ಲೆಕ್ಕ ಹೇಳಹೊರಟೆ. "ಇರ್ಲಿ, ನಾನೂ ಒಂದ್ ದಪ ದುಡ್ಡು ಕೊಟ್ಟು ಕೂತ್ಕಂತೀನಿ" ಎಂದಳು. ನೆಲದ ಕೆಳಗಿನ ನಿಲ್ದಾಣಕ್ಕೆ ಇಳಿದು, ಕಿಂಡಿಯಲ್ಲಿ ಹಣ ಕೊಟ್ಟೆ. ಈ ಸಲ ನನ್ನಲ್ಲಿ ಚಿಲ್ಲರೆ ಇತ್ತು. ಎರಡು ಬಿಲ್ಲೆಗಳನ್ನು ಕೊಟ್ಟರು. ನೋಡುವುದಕ್ಕೆ ಕೇರಂ ಆಟದ ಕಾಯಿಯ ಹಾಗೆ ಇವೆ. ಒಳಗೆ ಹೋಗುವಾಗ ಅದನ್ನು ಯಂತ್ರಕ್ಕೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಅವ್ವ ಮುಟ್ಟಿಸಿದಳು, ಬಾಗಿಲು ತೆರೆಯಿತು, ಒಳಗೆ ಹೋದಳು. ಹೋದವಳೇ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಆ ದಿನ ಆ ಗಂಟಿನ ವಿರುದ್ಧ ಮಾತಾಡುವ ಹಕ್ಕು ನನಗಿರಲಿಲ್ಲ.

ಗಾಡಿಯಲ್ಲಿ ಒಬ್ಬ ಹುಡುಗ ಎದ್ದು ಅವಳಿಗೆ ಜಾಗ ಕೊಟ್ಟ. ಸ್ವಲ್ಪ ದೂರ ಹೋದ ಮೇಲೆ ಗಾಡಿ ನೆಲದೊಳಗಿನಿಂದ ಮೇಲೆದ್ದು ಮನೆಗಳ ತಾರಸಿಗಳಿಗಿಂತ ಎತ್ತರದಲ್ಲಿ ಓಡಿತು. "ಬೆಳಕಾಯ್ತು" ಎಂದಳು. ಅವಳಿಗೆ ಕಂಡದ್ದು ಅಷ್ಟು.

ಯಶವಂತಪುರದಲ್ಲಿ ಇಳಿದು ಹೊರಬಾಗಿಲಿಗೆ ಬಂದೆವು. ಹೊರಗೆ ಹೋಗುವಾಗ ಬಿಲ್ಲೆಯನ್ನು ಯಂತ್ರದ ಬಾಯಿಗೆ ಹಾಕಬೇಕು. ಗಂಟು ಬಿಗಿದುಕೊಂಡಿತ್ತು. ಅವ್ವ ಹಲ್ಲಿನಿಂದ ಬಿಚ್ಚಿದಳು. ಹಿಂದೆ ಸಾಲು ಬೆಳೆಯಿತು. ಅಂತೂ ಬಿಲ್ಲೆ ಹೊರಬಂತು, ಯಂತ್ರ ಅದನ್ನು ನುಂಗಿತು, ಬಾಗಿಲು ತೆರೆಯಿತು. ಅವ್ವ ಅಲ್ಲೇ ನಿಂತಿದ್ದಳು.

"ಹೋಗಮ್ಮಾ, ಬಾಗಿಲು ಮುಚ್ಕೊಳ್ಳತ್ತೆ" ಎಂದ ಕಾವಲಿನವನು.

"ನನ್ನದು ವಾಪಸು ಕೊಡಲಿಲ್ಲ" ಎಂದಳು.

ಕೊಡುವುದಿಲ್ಲವೆಂದು ತಿಳಿಸಿ ಅವಳನ್ನು ಈಚೆಗೆ ಕರೆದುಕೊಳ್ಳಬೇಕಾಯಿತು. ಮೆಟ್ಟಿಲಿಳಿಯುವಾಗಲೂ, ದುಡ್ಡು ಕೊಡದ ಬಸ್ಸಿನಲ್ಲಿ ಚೀಟಿ ಕೊಟ್ಟರು, ದುಡ್ಡು ಕೊಟ್ಟ ರೈಲಿನಲ್ಲಿ ಕೊಟ್ಟದ್ದನ್ನೂ ಕಿತ್ತುಕೊಂಡರು ಎಂದು ಹೇಳುತ್ತಿದ್ದಳು.

ಅಕ್ಟೋಬರಿನಲ್ಲಿ ಅವಳ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಕಟ್ಟು ಬಿಚ್ಚಿ ಊರಿಗೆ ಬಂದ ಮೇಲೆ ಒಂದು ದಿನ ಜಗುಲಿಯ ಮೇಲೆ ಕುಳಿತು ಅಕ್ಕಿಯನ್ನು ಆರಿಸುತ್ತಿದ್ದಳು. ಆರಿಸುತ್ತ ಆರಿಸುತ್ತ ಏನೋ ನೆನಪಾಗಿ ಒಳಗೆ ಹೋಗಿ, ಎಲೆಯಡಿಕೆಯ ಚೀಲದಿಂದ ಆ ಸೊನ್ನೆ ಟಿಕೆಟ್ಟನ್ನು ತಂದಳು. ಆ ಯಂತ್ರದ ಕಾಗದದ ಮೇಲಿನ ಅಚ್ಚು ಬಹಳ ದಿನ ನಿಲ್ಲುವುದಿಲ್ಲ. ಬೆವರು, ಬಿಸಿಲು ತಗುಲಿ ಪೂರ್ತಿ ಮಾಸಿ ಬಿಳಿಯಾಗಿತ್ತು. ಬೆಳಕಿಗೆ ಹಿಡಿದು ಮುಂದೆ ಹಿಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ಏನೂ ಇಲ್ವಲ್ಲೋ ಮಗಾ! ಇದನ್ನ ನೋಡ್ಕಂಡೇ ಏನೋ ಆ ಸಾಹೇಬ್ರು ಬಸ್ಸು ಹುಡುಕ್ಸಿದ್ದು?"